ಮುವೊಯ್ ಅಜ್ಜನ ದೋಣಿಗೆ ಬಂದ ಎರಡು ಪುಸ್ತಕ

ಬೆಳಗ್ಗೆ ಆರು ಗಂಟೆಗೆ ಯಾರೋ ಬಂದು ನಿಮ್ಮ ಮನೆಯ ಗೋಡೆ ತಟ್ಟಿ, "ಇದನ್ನ ಎಷ್ಟಕ್ಕೆ ಕೊಡ್ತೀರಿ?" ಎಂದು ಕೇಳಿದರೆ ನಿಮಗೆ ಹೇಗಾಗುತ್ತದೆ? ಥಾಮ್‌ಗೆ ಆದದ್ದು ಅದೇ. ಅವಳ ಮನೆ ಎಂದರೆ ದೋಣಿ. ಹುಟ್ಟಿದ್ದು ದೋಣಿಯಲ್ಲಿ, ಮದುವೆಯಾಗಿ ಬಂದದ್ದು ಇನ್ನೊಂದು ದೋಣಿಗೆ. ಒಲೆಯ ಮೇಲೆ ಅನ್ನಕ್ಕಿಟ್ಟು ಮೀನು ತೊಳೆಯುತ್ತಿದ್ದಳು. ಪರಿಚಯವಿಲ್ಲದ ದೋಣಿಯೊಂದು ಬಂದು ಪಕ್ಕಕ್ಕೆ ತಾಗಿತು. ಅದರಲ್ಲಿದ್ದ ದಪ್ಪ ಮನುಷ್ಯ ಕೈ ಚಾಚಿ ಇವರ ಹಲಗೆಯನ್ನು ಟಕಟಕ ತಟ್ಟಿ ನೋಡಿದ.

"ಚಕ್ಕೋತ ಬೇಕೇನಣ್ಣ? ಎಷ್ಟು ಡಜನ್?" ಎಂದಳು ಥಾಮ್.

"ಚಕ್ಕೋತ ಯಾರಿಗೆ ಬೇಕಮ್ಮ. ಮರ ಗಟ್ಟಿಯಾಗಿದೆ. ಇಂಜಿನ್ ಎಷ್ಟು ವರ್ಷದ್ದು?"

"ಯಾಕೆ?"

"ಯಾಕೆ ಅಂದ್ರೆ? ಮಾರೋದು ನೀನು, ಕೊಳ್ಳೋದು ನಾನು. ಕೇಳ್ಬಾರ್ದಾ?" ಎಂದು ಅವನು ಮೇಲಕ್ಕೆ ಬೆರಳು ತೋರಿಸಿದ.

ಥಾಮ್ ತಲೆಯೆತ್ತಿ ನೋಡಿದಳು. ದೋಣಿಯ ಮೂತಿಯ ಬಿದಿರು ಗಳದ ತುದಿಯಲ್ಲಿ, ಎರಡು ಚಕ್ಕೋತ ಹಣ್ಣುಗಳ ನಡುವೆ, ಒಂದು ತೆಂಗಿನ ಗರಿ ಗಾಳಿಗೆ ಆಡುತ್ತಿತ್ತು.

ವಿಯೆಟ್ನಾಮಿನ ಹೌ ನದಿಯ ತೇಲುಸಂತೆಯಲ್ಲಿ ಯಾರೂ ಕೂಗಿ ಮಾರುವುದಿಲ್ಲ. ನೂರಾರು ಇಂಜಿನ್‌ಗಳ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಪ್ರತಿ ದೋಣಿಗೂ ಒಂದು ಗಳ. ದೋಣಿಯಲ್ಲಿ ಏನಿದೆಯೋ ಅದರಲ್ಲೊಂದನ್ನು ಗಳಕ್ಕೆ ತೂಗುಹಾಕಿದರೆ ಮುಗಿಯಿತು. ಗೆಣಸಿದ್ದರೆ ಗೆಣಸು, ಅನಾನಸ್ ಇದ್ದರೆ ಅನಾನಸ್. ಆದರೆ ತೆಂಗಿನ ಗರಿ ತೂಗಿದರೆ ಅರ್ಥ ಬೇರೆ. ದೋಣಿಯೇ ಮಾರಾಟಕ್ಕಿದೆ, ಬಂದು ಮಾತಾಡಿ ಎಂದು.

ದೋಣಿಯ ಹಿಂಬದಿಯಲ್ಲಿ ಥಾಮ್‌ಳ ಮಾವ ಮುವೊಯ್ ಅಜ್ಜ ಕಾಲು ಇಳಿಬಿಟ್ಟು ಕೂತು ನದಿ ನೋಡುತ್ತಿದ್ದ. ಗರಿಯ ಹಸಿರು ನಾರು ಇನ್ನೂ ಅವನ ಬೆರಳಿಗೆ ಅಂಟಿತ್ತು. ಮುಖದ ತುಂಬ ನಗು.

ಥಾಮ್‌ಳ ಗಂಡ ಖುವಾಂಗ್ ಆ ಕೊಳ್ಳುವವನಿಗೆ ಕೈಮುಗಿದು, ತಪ್ಪಾಯಿತೆಂದು ಹೇಳಿ ಕಳಿಸುವಷ್ಟರಲ್ಲಿ ಇನ್ನೂ ಇಬ್ಬರು ಬಂದು ವಿಚಾರಿಸಿ ಹೋದರು. ಸುದ್ದಿ ಹರಡಲು ಎಷ್ಟು ಹೊತ್ತು! ಸೆನ್ ಎಂಬಾಕೆ ದೋಣಿಯಲ್ಲೇ ಬಿಸಿಬಿಸಿ ಶಾವಿಗೆ ಸಾರು ಮಾರುವವಳು, ಪಕ್ಕದವಳು, ಒಳ್ಳೆಯವಳೇ, ಆದರೆ ಬಾಯಿಗೆ ಬೀಗವಿಲ್ಲ.

"ಏನೇ ಥಾಮ್, ದಡದ ಮೇಲೆ ಅರಮನೆ ಕಟ್ಟಿಸ್ತಿದ್ದೀರಂತೆ? ನಮ್ಗೊಂದು ಮಾತು ಹೇಳ್ಬಾರ್ದಾ?"

"ಸುಮ್ನಿರಕ್ಕ. ಮೊದ್ಲೇ ತಲೆ ಕೆಟ್ಟಿದೆ."

ತಲೆ ಕೆಡುವುದಕ್ಕೆ ಅದೊಂದೇ ಕಾರಣವಲ್ಲ. ಮುದುಕ ಒಂದು ದಿನ ಕಾಫಿಗೆ ಮೀನಿನ ರಸ ಸುರಿದಿದ್ದ. ಊಟ ಮುಗಿಸಿ ಕೈ ತೊಳೆದ ಮೇಲೆ "ಇವತ್ತು ಊಟ ಇಲ್ವಾ?" ಎಂದು ಕೇಳುತ್ತಿದ್ದ. ಹೋದ ತಿಂಗಳು ಪುಟ್ಟ ದೋಣಿ ಬಿಚ್ಚಿಕೊಂಡು ಹೋಗಿ, ಯಾರದೋ ಕುಂಬಳಕಾಯಿ ದೋಣಿಗೆ ಹತ್ತಿ, ಅವರ ಚಾಪೆಯ ಮೇಲೆ ನೆಮ್ಮದಿಯಾಗಿ ಮಲಗಿಬಿಟ್ಟಿದ್ದ. ಖುವಾಂಗ್‌ಗೆ ಇವೆಲ್ಲ ಹಟವೆಂದೇ ಕಾಣುತ್ತಿತ್ತು.

"ಬೇಕಂತಾನೇ ಮಾಡ್ತಾನೆ! ಇಷ್ಟು ವರ್ಷ ನೀರಿನ ಮೇಲಿದ್ದೋನಿಗೆ ಗರಿ ಅಂದ್ರೆ ಏನೂಂತ ಗೊತ್ತಿಲ್ವಾ? ನಾನೇ ದೋಣಿ ಮಾರ್ಕೊಂಡು ಓಡಿಹೋಗ್ತಿದ್ದೀನಿ ಅಂತ ಸಂತೆಯೆಲ್ಲಾ ಆಡ್ಕೊಳ್ತಿದೆ. ಸಾಕಾಯ್ತು ನಂಗೆ. ಮುಂದಿನ ತಿಂಗಳ ಹುಣ್ಣಿಮೆಗೆ ದೊಡ್ಡಕ್ಕ ಬರ್ತಾಳೆ. ಅಪ್ಪನ್ನ ಅವಳ ಮನೆಗೇ ಕಳಿಸ್ಬಿಡೋಣ."

ದೊಡ್ಡಕ್ಕನ ಮನೆ ಕಾ ಮೌ ಪಟ್ಟಣದಲ್ಲಿ. ಬೀದಿಗೆ ಅಂಗಡಿ, ಮೂರನೆಯ ಮಹಡಿಯಲ್ಲಿ ಕೋಣೆ. ಬೆಳಗ್ಗೆ ಅಂಗಡಿಗಿಳಿದರೆ ಆಕೆ ಹತ್ತುವುದು ಸಂಜೆಗೇ. ಅಷ್ಟು ಹೊತ್ತೂ ಮುದುಕನ ಕೋಣೆಗೆ ಹೊರಗಿನಿಂದ ಚಿಲಕ ಹಾಕಬೇಕಾಗುತ್ತದೆಂದು ಆಕೆ ಫೋನಿನಲ್ಲೇ ಹೇಳಿದ್ದಳು. ಥಾಮ್‌ಗೆ ಒಂದು ಕಡೆ ಸದ್ಯ ಎನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಐವತ್ತು ವರ್ಷ ನದಿಯ ಮೇಲೆ ಬಾಳಿದ ಜೀವ. ಅಲ್ಲಿ ಹೋದರೆ ಎಷ್ಟು ದಿನ ಉಳಿದೀತು?

ಆ ಬುಧವಾರ ಪುಸ್ತಕದ ದೋಣಿ ಬಂತು. ಅದನ್ನು ನಡೆಸುವಾಕೆ ದಿಯೆಮ್ ಟೀಚರ್. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತಿಯಾದ ಮೇಲೆ, ಮನೆಯಲ್ಲಿ ಕೂರಲಾರದೆ ದೋಣಿಯೊಂದಕ್ಕೆ ಕಪಾಟು ಹೊಡೆಸಿಕೊಂಡು ವಾರಕ್ಕೊಮ್ಮೆ ಸಂತೆ ಸುತ್ತುವವರು. ಅವರ ಗಳದ ಮೇಲೂ ಸರಕು ತೂಗುತ್ತಿತ್ತು: ಪ್ಲಾಸ್ಟಿಕ್ ಚೀಲದಲ್ಲಿ ಎರಡು ಪುಸ್ತಕ. ಅವರದ್ದೊಂದು ಕಟ್ಟುನಿಟ್ಟಿನ ನಿಯಮ. ಓದಿ ಹಿಂದಿರುಗಿಸಲು ಒಯ್ಯುವುದಾದರೆ ಎರಡು ಒಯ್ಯಬೇಕು. ಒಂದು ನಿಜಸಂಗತಿಯ ಪುಸ್ತಕ, ಒಂದು ಕಥೆಯದ್ದು. ಒಂದೇ ಸಾಕೆಂದರೆ ಅದನ್ನೂ ಕೊಡುತ್ತಿರಲಿಲ್ಲ.

ಎಷ್ಟೋ ಬುಧವಾರ ಅವರು ಬಂದರೂ ಥಾಮ್ ಕೈಬೀಸಿ ಮುಂದೆ ಕಳಿಸುತ್ತಿದ್ದಳು. ಅವತ್ತೂ ಹಾಗೇ ಮಾಡುತ್ತಿದ್ದಳು. ದಿಯೆಮ್ ಟೀಚರೇ ಹಗ್ಗ ಎಸೆದು ದೋಣಿ ಕಟ್ಟಿದರು.

"ಏನಮ್ಮ, ಗರಿ ವಿಷ್ಯ ಕೇಳ್ದೆ. ನಗೋಕೆ ಬಂದಿಲ್ಲ. ಅಜ್ಜ ಹೇಗಿದ್ದಾರೆ?"

ನಗದೆ ವಿಚಾರಿಸಿದವರು ಆ ವಾರದಲ್ಲಿ ಅವರೊಬ್ಬರೇ. ಥಾಮ್‌ಗೆ ಅಳು ಬಂದುಬಿಟ್ಟಿತು. ಕಾಫಿ, ಊಟ, ಕುಂಬಳಕಾಯಿ ದೋಣಿ, ಗರಿ, ದೊಡ್ಡಕ್ಕ, ಎಲ್ಲವನ್ನೂ ಹೇಳಿದಳು. ದಿಯೆಮ್ ಟೀಚರ್ ಕೇಳಿ ಮುಗಿಸಿ, ಕಪಾಟಿನಲ್ಲಿ ಹುಡುಕಿ ಒಂದು ತೆಳ್ಳನೆಯ ಪುಸ್ತಕ ತೆಗೆದರು.

"ಇದು ಒಬ್ಬ ನರ್ಸ್ ಬರ್ದಿರೋದು. ವಯಸ್ಸಾದವರಿಗೆ ಬರೋ ಮರೆವಿನ ಕಾಯಿಲೆ ಬಗ್ಗೆ. ಹಟ ಅಲ್ಲಮ್ಮ ಅದು, ದೆವ್ವಾನೂ ಅಲ್ಲ. ಓದಿ ನೋಡು."

"ನಂಗೆಲ್ಲಿ ಪುರುಸೊತ್ತು ಟೀಚರ್? ಹಣ್ಣಿನ ಚೀಟಿ ಬಿಟ್ರೆ ಏನೂ ಓದಿದವಳಲ್ಲ."

"ಚೀಟಿ ಓದ್ತೀಯಲ್ಲ, ಅಷ್ಟು ಸಾಕು. ತಗೋ, ಇದೂ ಒಂದು." ಎಂದು ಇನ್ನೊಂದು ದಪ್ಪನೆಯ ಪುಸ್ತಕ ಕೊಟ್ಟರು. "ಬಟ್ಟೆ ಹೊಲಿಯೋ ಮುದುಕಿಯೊಬ್ಬಳ ಕಾದಂಬರಿ."

"ಇದು ನಡೆದಿದ್ದಾ?"

"ಇಲ್ಲ. ಕಟ್ಟಿದ ಕಥೆ."

"ಹಾಗಾದ್ರೆ ಸುಳ್ಳು ಅನ್ನಿ. ಬದುಕಿನ ಗೋಳೇ ಹಾಸಿ ಹೊದ್ದುಕೊಳ್ಳೋಷ್ಟಿದೆ, ಇಲ್ದೇ ಇರೋ ಮುದುಕಿ ಕಟ್ಕೊಂಡು ನಾನೇನು ಮಾಡ್ಲಿ? ನರ್ಸಿಂದೊಂದೇ ಕೊಡಿ."

"ಸುಳ್ಳು ಹೇಳೋನು ನಿಜ ಅಂತ ನಂಬಿಸ್ತಾನೆ. ಇವ್ರು ಇದು ಕಥೆ ಅಂತ ಮೊದ್ಲೇ ಹೇಳಿಯೇ ಶುರು ಮಾಡ್ತಾರೆ. ಸುಳ್ಳು ಹೇಗಾಗುತ್ತೆ? ಎರಡು ಒಯ್ತೀಯೋ, ಎರಡನ್ನೂ ಇಡ್ತೀಯೋ?"

ಥಾಮ್ ಗೊಣಗಿಕೊಂಡೇ ಎರಡನ್ನೂ ಇಸಕೊಂಡಳು.

ನರ್ಸ್ ಬರೆದ ಪುಸ್ತಕವನ್ನು ಅವಳು ಅಕ್ಷರ ಅಕ್ಷರ ಕೂಡಿಸಿ ನಾಲ್ಕು ದಿನದಲ್ಲಿ ಮುಗಿಸಿದಳು. ಒಂದೊಂದು ಪುಟಕ್ಕೂ "ಅಯ್ಯೋ, ಇದು ನಮ್ಮ ಮಾವನೇ" ಎನ್ನುತ್ತಿದ್ದಳು. ಹೊಸದು ಮರೆತು ಹಳೆಯದು ನೆನಪಿರುವುದು, ಗೊತ್ತಿದ್ದ ದಾರಿ ತಪ್ಪುವುದು, ಕೇಳಿದ್ದನ್ನೇ ಕೇಳುವುದು, ಎಲ್ಲ ಅಲ್ಲಿತ್ತು. ಮರೆವಿಗೆ ಬೇರೆ ಕಾರಣಗಳೂ ಇರಬಹುದು, ಕೆಲವಕ್ಕೆ ಔಷಧಿ ಇದೆ, ಆದ್ದರಿಂದ ಮೊದಲು ವೈದ್ಯರಿಗೆ ತೋರಿಸಿ ಎಂದೂ ಇತ್ತು. ಆ ಮಾತು ಓದಿ ಗಂಡನ ಬೆನ್ನು ಹತ್ತಿದಳು.

"ಕಾಯಿಲೆ ಅಂತೆ ಕಾಯಿಲೆ! ನಮ್ಮಪ್ಪನಿಗೆ ಒಂದು ದಿನ ನೆಗಡಿ ಬಂದಿದ್ದು ನೋಡಿಲ್ಲ ನಾನು."

"ಬಂದಿಲ್ಲ ಅಂತ ಡಾಕ್ಟರೇ ಹೇಳ್ಲಿ. ಹೋಗಿ ಬರೋಕೆ ಏನ್ರೀ ಗಂಟು ಹೋಗತ್ತೆ?"

ದೊಡ್ಡಾಸ್ಪತ್ರೆಗೆ ಹೋದರು. ವೈದ್ಯೆ ಅಜ್ಜನ ರಕ್ತ ಪರೀಕ್ಷೆ ಮಾಡಿಸಿದರು, ತಲೆಯ ಚಿತ್ರ ತೆಗೆಸಿದರು, ಅಜ್ಜನ ಮುಂದೆ ಕೂತು ಇವತ್ತು ಯಾವ ವಾರ, ಇದು ಯಾವ ಊರು ಎಂದು ಮೆತ್ತಗೆ ಕೇಳಿದರು. ಕೊನೆಗೆ ಖುವಾಂಗ್‌ನನ್ನು ಕೂರಿಸಿಕೊಂಡು, ಇದು ಮರೆವಿನ ಕಾಯಿಲೆಯೇ, ಪೂರ್ತಿ ವಾಸಿ ಮಾಡುವ ಔಷಧಿಯಿಲ್ಲ, ಆದರೆ ಚೆನ್ನಾಗಿ ನೋಡಿಕೊಂಡರೆ ಚೆನ್ನಾಗಿ ಬದುಕಬಹುದು ಎಂದರು. ಅವತ್ತಿನಿಂದ ಖುವಾಂಗ್ ಅಪ್ಪನ ಮೇಲೆ ಕೂಗಾಡುವುದನ್ನು ನಿಲ್ಲಿಸಿದ. ಒಂದು ಪುಸ್ತಕ ಇಷ್ಟು ಮಾಡಿದ್ದು ಸಣ್ಣದಲ್ಲ.

ಆದರೆ ಥಾಮ್ ಸುಮ್ಮನಿರುವವಳೇ? ಕೆಲಸಕ್ಕೆ ಕೈಯಿಟ್ಟರೆ ಹಿಡಿದ ಪಟ್ಟು ಬಿಡುವವಳಲ್ಲ. ಮಾವನಿಗೆ ತೇಲುವ ಜಾಕೀಟು ತೊಡಿಸಿದಳು, ಸರಿಯೇ. ಪುಟ್ಟ ದೋಣಿಗೆ ಬೀಗ ಹಾಕಿದಳು, ಅದೂ ಸರಿ. ಆಮೇಲೆ ಚಾಕು ಬಚ್ಚಿಟ್ಟಳು. ಹುಟ್ಟು ಬಚ್ಚಿಟ್ಟಳು. ಗಳ ಮುಟ್ಟಬೇಡಿ ಎಂದಳು, ಹಣ್ಣು ಆರಿಸಬೇಡಿ ಎಂದಳು. ಮಾವ ಎದ್ದರೆ "ಎಲ್ಲಿಗೆ?", ಕೂತರೆ "ಯಾಕೆ?". ವೈದ್ಯೆ ಪ್ರಶ್ನೆ ಕೇಳಿದ್ದನ್ನು ನೋಡಿದ್ದಳಲ್ಲ, ಹಾಗೆ ಕೇಳಿದರೆ ನೆನಪು ಚುರುಕಾಗುತ್ತದೆಂದು ತಾನೇ ತೀರ್ಮಾನಿಸಿ ಪ್ರತಿ ಬೆಳಗ್ಗೆ ಗಂಜಿಯ ಬಟ್ಟಲು ಕೈಯಲ್ಲೇ ಹಿಡಿದುಕೊಂಡು ಶುರು ಮಾಡುತ್ತಿದ್ದಳು.

"ಮಾವ, ಇವತ್ತು ಯಾವ ವಾರ? ನಿನ್ನೆ ಏನು ತಿಂದ್ರಿ? ನಾನ್ಯಾರು ಹೇಳಿ?"

ಮೊದಮೊದಲು ಅಜ್ಜ ಏನೋ ಒಂದು ಹೇಳುತ್ತಿದ್ದ. ತಪ್ಪಾದರೆ ಥಾಮ್ ತಿದ್ದುತ್ತಿದ್ದಳು, ಮತ್ತೆ ಕೇಳುತ್ತಿದ್ದಳು. ಹತ್ತು ದಿನದಲ್ಲಿ ಮುದುಕ ಬಾಡಿಹೋದ. ಗಂಜಿ ಮುಟ್ಟುತ್ತಿರಲಿಲ್ಲ. ಅವಳ ಕಾಲಿನ ಸದ್ದು ಕೇಳಿದರೆ ಚಾಪೆಯ ಹಿಂದೆ ಸರಿದು ಕೂರುತ್ತಿದ್ದ. ಒಂದು ದಿನ ಸೆನ್ ಸಾರಿನ ಬಟ್ಟಲು ಕೊಡಲು ಬಂದಾಗ ಅವಳ ಕೈ ಹಿಡಿದು ಪಿಸುಗುಟ್ಟಿದನಂತೆ: "ತಾಯೀ, ನನ್ನ ಇಲ್ಲಿಂದ ಬಿಡಿಸು. ಈ ದೋಣೀಲೊಬ್ಬಳು ಪೊಲೀಸಿನೋಳಿದ್ದಾಳೆ."

ಬಾಯಿಗೆ ಬೀಗವಿಲ್ಲದ ಸೆನ್ ಕೂಡ ಇದನ್ನು ಹೇಳುವಾಗ ನಗಲಿಲ್ಲ. ಥಾಮ್‌ಗೆ ಮೈಯೆಲ್ಲ ಉರಿಯಿತು.

"ನೋಡಕ್ಕಾ! ಹಗಲೂ ರಾತ್ರಿ ಮಾಡಿದ್ದಕ್ಕೆ ಇದಾ ಬಹುಮಾನ? ಪುಸ್ತಕದಲ್ಲಿ ಹೇಳ್ದಂಗೇ ಮಾಡ್ತಿದ್ದೀನಿ. ಇನ್ನೇನು ಮಾಡ್ಬೇಕು? ದೊಡ್ಡಕ್ಕ ಬರೋಕೆ ಇನ್ನು ಎರಡು ವಾರ. ಬಂದು ಕರ್ಕೊಂಡು ಹೋಗ್ಲಿ, ನಾನು ಬೇಡ ಅನ್ನಲ್ಲ."

ಅದಾದ ಮೇಲಿನ ಬುಧವಾರ ದಿಯೆಮ್ ಟೀಚರ್ ಪುಸ್ತಕ ಹಿಂದಕ್ಕೆ ಕೇಳಿದರು. ಕಾದಂಬರಿಯ ಹೊದಿಕೆಯ ಮೇಲೆ ಮೀನಿನ ಮಡಕೆಯ ಕರಿ ಉಂಗುರ ಬಿದ್ದಿತ್ತು. ಒಳಗಿನ ಹಾಳೆ ಒಂದೂ ಬಿಡಿಸಿರಲಿಲ್ಲ.

"ಇದು ಚೆನ್ನಾಗಿ ಅಡುಗೆ ಮಾಡಿದೆ. ಓದಿಸ್ಕೊಂಡಿಲ್ಲ ಅಷ್ಟೇ." ಎಂದರು ಟೀಚರ್. ಥಾಮ್ ನಾಲಿಗೆ ಕಚ್ಚಿಕೊಂಡಳು. "ಇನ್ನೊಂದು ವಾರ ಇಟ್ಕೋ. ಓದದೆ ಕೊಟ್ರೆ ನಾನು ತಗೊಳ್ಳಲ್ಲ."

ಅದನ್ನು ಮೊದಲು ಬಿಡಿಸಿದ್ದು ಥಾಮ್ ಅಲ್ಲ, ಖುವಾಂಗ್. ಮಾರನೆಯ ದಿನ ಮಧ್ಯಾಹ್ನ ಇಂಜಿನ್ ಕೆಟ್ಟು ನಿಂತಿತ್ತು, ಮೆಕ್ಯಾನಿಕ್ ಬರುತ್ತೇನೆಂದವನು ಬಂದಿರಲಿಲ್ಲ, ಮಳೆ ಹಿಡಿದು ಗಿರಾಕಿಗಳೂ ಇರಲಿಲ್ಲ. ಬೇಸರಕ್ಕೆ ಕೈಗೆತ್ತಿಕೊಂಡ. ಮೊದಲ ಪುಟದಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ.

"ಲೇ ಥಾಮ್, ಈ ಮುದುಕಿ ಮಗನ ಮದುವೆ ಅಂಗಿಗೆ ಮೂರು ತೋಳು ಹೊಲಿದಿದ್ದಾಳೆ ಕಣೇ!"

"ನಿಮ್ಗೆ ಬೇರೆ ಕೆಲ್ಸ ಇಲ್ವಾ?"

ಸ್ವಲ್ಪ ಹೊತ್ತಿಗೆ ನಗು ನಿಂತಿತು. ಖುವಾಂಗ್ ಪುಟ ತಿರುಗಿಸುವ ಸದ್ದು ಮಾತ್ರ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇದೊಂಚೂರು ಕೇಳು" ಎಂದು ಗಟ್ಟಿಯಾಗಿ ಓದತೊಡಗಿದ. ಥಾಮ್ ಮೀನಿನ ಹುರುಪೆ ತೆಗೆಯುತ್ತ ಅರೆಮನಸ್ಸಿನಿಂದ ಕೇಳಿದಳು.

ಕಥೆಯ ಆ ಪುಟದಲ್ಲಿ ದರ್ಜಿ ಮುದುಕಿ ತನ್ನ ಮನೆಯಲ್ಲೇ ಕೂತಿದ್ದಾಳೆ. ಆದರೆ ಅದು ತನ್ನ ಮನೆಯೆಂದು ಅವಳಿಗೆ ಖಚಿತವಿಲ್ಲ. ಸಂಜೆಯೊಳಗೆ ಮುಗಿಸಬೇಕಾದ ಕೆಲಸವೊಂದಿದೆ, ಯಾವುದೆಂದು ನೆನಪಾಗುತ್ತಿಲ್ಲ. ಅಷ್ಟರಲ್ಲಿ ಒಬ್ಬೊಬ್ಬರೇ ಬರುತ್ತಾರೆ. "ನಾನ್ಯಾರು ಹೇಳು" ಎನ್ನುತ್ತಾರೆ. ಮುಖ ಮುಖಕ್ಕೆ ತಂದು "ಹೇಳು, ಹೇಳು" ಎನ್ನುತ್ತಾರೆ. ಮುದುಕಿಗೆ ಆ ಮುಖಗಳ ಮೇಲೆ ಪ್ರೀತಿಯಿದೆ, ಹೆಸರು ಮಾತ್ರ ಸಿಗುತ್ತಿಲ್ಲ. ತಪ್ಪು ಹೇಳಿದರೆ ಆ ಮುಖಗಳು ಸಣ್ಣಗಾಗುತ್ತವೆಂದು ಅವಳಿಗೆ ಗೊತ್ತು. ತಾನೇನೋ ದೊಡ್ಡ ತಪ್ಪು ಮಾಡಿದ್ದೇನೆ, ಅದಕ್ಕೇ ಇಷ್ಟು ವಿಚಾರಣೆ, ಯಾವ ತಪ್ಪೆಂದಾದರೂ ಹೇಳಬಾರದೇ ಎಂದುಕೊಂಡು ಅವಳು ಕತ್ತರಿಯನ್ನು ಅಂಗಿಯೊಳಗೆ ಬಚ್ಚಿಡುತ್ತಾಳೆ. ಕೈಯಲ್ಲಿ ಕತ್ತರಿಯಿದ್ದರೆ ತಾನು ದರ್ಜಿ. ಅದೂ ಹೋದರೆ ತಾನು ಯಾರು?

ಥಾಮ್‌ಳ ಕೈ ನಿಂತುಹೋಗಿತ್ತು.

"ಮುಂದೆ ಓದ್ಲಾ?" ಎಂದ ಖುವಾಂಗ್.

ಅವಳು ಕೈ ಒರೆಸಿಕೊಂಡು ಎದ್ದು ನರ್ಸ್ ಬರೆದ ಪುಸ್ತಕ ತೆರೆದಳು. ಹುಡುಕುವ ಕಷ್ಟವಾಗಲಿಲ್ಲ. ಮಧ್ಯದ ಪುಟದಲ್ಲಿ ದಪ್ಪಕ್ಷರದಲ್ಲೇ ಇತ್ತು: ಪದೇ ಪದೇ ನೆನಪಿನ ಪರೀಕ್ಷೆ ಮಾಡಬೇಡಿ. ಗೊತ್ತಿರುವ ಕೆಲಸವನ್ನು ಕಿತ್ತುಕೊಳ್ಳಬೇಡಿ, ಜೊತೆಗೆ ನಿಂತು ಮಾಡಿಸಿ. ಈ ಸಾಲನ್ನು ಅವಳು ಓದಿರಲಿಲ್ಲವೇ? ಓದಿದ್ದಳು. ಬೆರಳಿಟ್ಟು ಓದಿದ್ದಳು. ಅಕ್ಷರ ಕಣ್ಣಿಗೆ ಬಿದ್ದಿತ್ತು, ಅದರ ಅರ್ಥ ಮುಟ್ಟಿರಲಿಲ್ಲ. ಇಲ್ಲದೇ ಇರುವ ಒಬ್ಬ ಮುದುಕಿ ಬಂದು ಅದನ್ನು ಮುಟ್ಟಿಸಬೇಕಾಯಿತು.

"ರೀ, ಎಂಥಾ ಪಾಪಿ ನಾನು. ಬಟ್ಟಲು ಕೈಯಲ್ಲಿ ಹಿಡ್ಕೊಂಡು ಕೇಳ್ತಿದ್ದೆ ಕಣ್ರೀ. ಉತ್ರ ಹೇಳಿದ್ರೇನೇ ಗಂಜಿ ಅನ್ನೋ ಹಾಗೆ." ಎಂದು ಥಾಮ್ ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಬೆಳಗ್ಗೆ ಅವಳು ಏನೂ ಕೇಳಲಿಲ್ಲ. ಗಂಜಿ ಕೊಟ್ಟಳು. "ಮಾವ, ನಾನು ಥಾಮ್, ನಿಮ್ಮ ಸೊಸೆ. ಬಿಸಿಯಿದೆ, ನಿಧಾನ" ಎಂದಳು. ಅಜ್ಜ ಅನುಮಾನದಿಂದ ನೋಡಿದ, ಆದರೆ ಕುಡಿದ. ಆಮೇಲೆ ಅವಳು ಗಳ ಇಳಿಸಿ, ಎರಡು ಚಕ್ಕೋತ ಹಣ್ಣು ಅವನ ಮುಂದಿಟ್ಟು ಪಕ್ಕದಲ್ಲಿ ಕೂತಳು.

"ಇದನ್ನ ಕಟ್ಟಿ ಕೊಡ್ತೀರಾ? ನಾನು ಕಟ್ಟಿದ್ರೆ ಬಿಚ್ಚಿಹೋಗತ್ತೆ."

ಅಜ್ಜನ ಬೆರಳುಗಳು ಹಗ್ಗ ಹಿಡಿದವು. ಅವನು ವಾರ ಮರೆತಿದ್ದ, ಊರು ಮರೆತಿದ್ದ, ಬೆರಳುಗಳು ಗಂಟು ಮರೆತಿರಲಿಲ್ಲ. ಒಂದು ಹಣ್ಣನ್ನು ಕೈಯಲ್ಲಿ ತೂಗಿ ನೋಡಿ ಪಕ್ಕಕ್ಕಿಟ್ಟ. "ಇದು ಟೊಳ್ಳು. ಬೇರೆ ಕೊಡು" ಎಂದ. ಥಾಮ್ ಬೇರೆ ಕೊಟ್ಟಳು. ಗಳ ಏರಿಸಿದ ಮೇಲೆ ಅಜ್ಜ ಮೇಲೆ ನೋಡಿ ಹುಬ್ಬು ಗಂಟಿಕ್ಕಿದ.

"ಗರಿ ಎಲ್ಲಿ?"

ಹದಿನೈದು ದಿನದ ಹಿಂದಾಗಿದ್ದರೆ "ಮತ್ತೆ ಗರಿ ಅಂತೀರಾ?" ಎಂದು ಕಿರುಚುತ್ತಿದ್ದಳು. ಈಗ ಮೆತ್ತಗೆ ಕೇಳಿದಳು. "ಗರಿ ಯಾಕೆ ಬೇಕು ಮಾವ?"

"ಅವಳಿಗೆ ಕಾಣಬೇಡ್ವಾ? ಇಷ್ಟೊಂದು ದೋಣಿಯೊಳಗೆ ನಮ್ಮದು ಯಾವ್ದು ಅಂತ ಹೇಗೆ ಗೊತ್ತಾಗತ್ತೆ? ಅವತ್ತೂ ಅವಳೇ ನೋಡಿದ್ದು. ನನ್ನ ತೋಳು ಚಿವುಟಿ, 'ರೀ, ಅಲ್ನೋಡಿ, ಗರಿ ತೂಗಿದ್ದಾರೆ, ಆ ದೋಣಿ ಕೇಳೋಣ ನಡೀರಿ' ಅಂದ್ಲು. ಅದಕ್ಕೇ ಕಟ್ಟಿದ್ದೆ. ಗರಿ ಕಂಡ್ರೆ ಬರ್ತಾಳೆ. ಎಲ್ಲೋ ಸಂತೇಲಿ ಸಿಕ್ಕಾಕ್ಕೊಂಡಿದ್ದಾಳೆ."

ಅಜ್ಜಿ ಸತ್ತು ಒಂಬತ್ತು ವರ್ಷವಾಗಿತ್ತು. ಇಂಜಿನ್ ಪಕ್ಕ ಕೂತಿದ್ದ ಖುವಾಂಗ್ ಇದನ್ನೆಲ್ಲ ಕೇಳಿಸಿಕೊಂಡ. ಈ ದೋಣಿ ಸಂತೆಯಲ್ಲಿ ಗರಿ ನೋಡಿ ಕೊಂಡದ್ದೆಂದು ಅವನಿಗೆ ಗೊತ್ತಿತ್ತು. ಆ ಗರಿಯನ್ನು ಮೊದಲು ಕಂಡದ್ದು ತನ್ನ ಅಮ್ಮ ಎಂದು ಯಾರೂ ಹೇಳಿರಲಿಲ್ಲ. ದೋಣಿ ಮಾರಲು ಹೊರಟ ಹಟಮಾರಿ ಎಂದು ತಾನು ಬೈದದ್ದು ಯಾರನ್ನು? ಅವನು ಮುಖಕ್ಕೆ ಟವೆಲ್ ಒತ್ತಿಕೊಂಡು ಮಗುವಿನಂತೆ ಅತ್ತ. ಅಜ್ಜಿ ಬರುವುದಿಲ್ಲವೆಂದು ತಿದ್ದಲು ಥಾಮ್ ಹೋಗಲಿಲ್ಲ. "ಅತ್ತೆ ಆವತ್ತು ಯಾವ ಬಣ್ಣದ ಅಂಗಿ ಹಾಕಿದ್ರು ಮಾವ?" ಎಂದು ಮಾತು ಮುಂದುವರಿಸಿದಳು. ನೇರಳೆ ಬಣ್ಣದ್ದು ಎಂದ ಅಜ್ಜ, ತಡವರಿಸದೆ.

ಹುಣ್ಣಿಮೆಯ ದಿನ ದೊಡ್ಡಕ್ಕ ಬಂದಳು. ಅಪ್ಪನ ಬಟ್ಟೆ ತುಂಬಲು ಹೊಸ ಚೀಲವನ್ನೇ ತಂದಿದ್ದಳು. ದೋಣಿಗೆ ಕಾಲಿಟ್ಟವಳೇ ನೇರ ಅಪ್ಪನ ಮುಂದೆ ಕುಕ್ಕರಿಸಿದಳು.

"ಅಪ್ಪಾ, ನಾನ್ಯಾರು ಹೇಳು ನೋಡೋಣ?"

ಮುದುಕನ ಕಣ್ಣಲ್ಲಿ ಆ ಹಳೆಯ ಹೆದರಿಕೆ ಬಂತು. ಚಾಪೆಯ ಕಡೆಗೆ ಸರಿಯತೊಡಗಿದ. ಥಾಮ್ ಓಡಿಬಂದು ನಡುವೆ ಕೂತಳು.

"ಮಾವ, ಇವ್ರು ನಮ್ಮನೆಯವ್ರೇ. ಕಾ ಮೌ ಇಂದ ಬಂದಿದ್ದಾರೆ, ನಮ್ಜೊತೆ ಊಟಕ್ಕೆ."

"ನೀನ್ಯಾಕೆ ಹೇಳ್ಕೊಡ್ತೀಯ? ಅವ್ನೇ ಹೇಳ್ಲಿ!" ಎಂದಳು ದೊಡ್ಡಕ್ಕ.

"ಬೇಡ ಅತ್ತಿಗೆ. ನಾನೂ ಹೀಗೇ ಕೇಳಿ ಕೇಳಿ ಜೀವ ಹಿಂಡಿದ್ದೀನಿ. ನೀವು ಮಾಡ್ಬೇಡಿ."

ದೊಡ್ಡಕ್ಕ ಸಿಟ್ಟಿನಿಂದ ತಮ್ಮನ ಕಡೆ ತಿರುಗಿದಳು. "ಹೆತ್ತ ಮಗಳ ಹೆಸರು ಗೊತ್ತಿಲ್ದೋನು ನೀರಿನ ಮೇಲೆ ಹೇಗೋ ಇರ್ತಾನೆ? ನಾಳೆ ಬಿದ್ರೆ ಯಾರೋ ಜವಾಬ್ದಾರಿ?"

ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಖುವಾಂಗ್ ಸಮಾಧಾನದಿಂದಲೇ ತೋರಿಸಿದ. ಸುತ್ತ ಹೊಸದಾಗಿ ಬಡಿದ ಬಿದಿರು ಕಟಾಂಜನ, ಅಪ್ಪನ ಜಾಕೀಟು, ವೈದ್ಯೆ ಮತ್ತೆ ಬರಹೇಳಿದ ದಿನಾಂಕ, ತಾವಿಬ್ಬರೂ ಇಲ್ಲದ ಹೊತ್ತು ಕಣ್ಣಿಡುವ ಸೆನ್. "ನಾನೇ ಕರೆಸಿದ್ದು ನಿನ್ನ. ತಪ್ಪಾಯ್ತು. ಅಪ್ಪ ಇಲ್ಲೇ ಇರ್ಲಿ ಅಕ್ಕ. ಅಲ್ಲಿ ಚಿಲಕ ಹಾಕಿದ್ರೆ ಬೀಳಲ್ಲ, ನಿಜ. ಆದ್ರೆ ಗಳ ಎಲ್ಲಿದೆ ಅಲ್ಲಿ? ನದಿ ಎಲ್ಲಿದೆ?"

"ನಿನ್ನ ಹೆಸ್ರಾದ್ರೂ ಅವ್ನಿಗೆ ನೆನಪಿದ್ಯೇನೋ" ಎಂದಳು ದೊಡ್ಡಕ್ಕ. ಈಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸಂಕಟ. "ನನ್ನದು ಹೋಗ್ಬಿಟ್ಟಿದೆ."

ಅವಳು ಕಣ್ಣೊರೆಸಿಕೊಳ್ಳುವುದನ್ನು ಮುದುಕ ನೋಡುತ್ತಲೇ ಇದ್ದ. ಎದ್ದು ಹಣ್ಣಿನ ರಾಶಿಯ ಹತ್ತಿರ ಹೋದ. ಯಾರೂ ತಡೆಯಲಿಲ್ಲ. ಒಂದು ತೂಗಿ ಇಟ್ಟ, ಇನ್ನೊಂದು ತೂಗಿ ಇಟ್ಟ, ಮೂರನೆಯದನ್ನು ತಂದು ದೊಡ್ಡಕ್ಕನ ಎದುರು ಕೂತ.

"ಅಳ್ಬೇಡಮ್ಮ. ದೂರದಿಂದ ಬಂದಿದ್ದೀಯ, ಹಸಿದಿರ್ಬೇಕು. ನಂಗೂ ಒಬ್ಬ ಮಗಳಿದ್ದಾಳೆ, ಸಣ್ಣೋಳು. ಚಕ್ಕೋತ ಅಂದ್ರೆ ಪ್ರಾಣ ಬಿಡ್ತಾಳೆ. ಆದ್ರೆ ಸೋಮಾರಿ, ಸಿಪ್ಪೆ ಸುಲ್ದು ಎಸಳು ಬಿಡಿಸಿ ಕೊಟ್ರೇನೇ ತಿನ್ನೋದು."

ಎಂದು ಹೇಳಿ ಸಿಪ್ಪೆ ಸುಲಿಯತೊಡಗಿದ. ಒಂದೊಂದು ಎಸಳಿನ ಬಿಳಿ ಪೊರೆಯನ್ನೂ ಬಿಡಿಸಿ ಅವಳ ಅಂಗೈಗೆ ಇಟ್ಟ. ಐವತ್ತು ದಾಟಿದ ಹೆಂಗಸು ಚಿಕ್ಕ ಹುಡುಗಿಯಂತೆ ಕೈಯೊಡ್ಡಿ ಕೂತು, ಅಳುತ್ತಲೇ ಪೂರ್ತಿ ಹಣ್ಣು ತಿಂದಳು.

ಅವಳು ಹೊಸ ಚೀಲವನ್ನು ಖಾಲಿ ಒಯ್ಯಲಿಲ್ಲ. ದಿಯೆಮ್ ಟೀಚರ್‌ಗೆ ಫೋನ್ ಮಾಡಿ ಕೇಳಿ, ಎರಡೂ ಪುಸ್ತಕವನ್ನು ಅದರೊಳಗೆ ಹಾಕಿಕೊಂಡು ಹೋದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಸಂಘದಲ್ಲಿ ಕೂತು ಇದನ್ನು ಕೇಳುತ್ತಿರುವವರೇ, ಮುವೊಯ್ ಅಜ್ಜನ ಮರೆವು ವಾಸಿಯಾಗಿಲ್ಲ, ಆಗುವುದೂ ಇಲ್ಲ. ಪುಸ್ತಕ ಮಂತ್ರವಲ್ಲ. ನರ್ಸ್ ಬರೆದದ್ದು ಇಲ್ಲದಿದ್ದರೆ ಅಜ್ಜ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಕಾದಂಬರಿ ಇಲ್ಲದಿದ್ದರೆ ಇವತ್ತು ಚಿಲಕ ಹಾಕಿದ ಕೋಣೆಯಲ್ಲಿ ಇರುತ್ತಿದ್ದ. "ನಂಗೆ ಕಥೆಯಷ್ಟೇ ಸಾಕು" ಎನ್ನುವವರೂ ನಮ್ಮಲ್ಲಿದ್ದಾರೆ, "ಕಥೆಯೆಲ್ಲ ಸುಳ್ಳು, ಉಪಯೋಗಕ್ಕೆ ಬರೋದು ಕೊಡಿ" ಎನ್ನುವವರೂ ಇದ್ದಾರೆ. ಇಬ್ಬರಿಗೂ ನನ್ನದೊಂದೇ ಕೋರಿಕೆ. ನಿಮ್ಮ ಊರಿನ ಗ್ರಂಥಾಲಯದ ಬಾಗಿಲು ತೆರೆದಿರುವ ದಿನ ಹೋಗಿ. ನಿಮ್ಮ ಮನೆಯಲ್ಲಿ ಈಗ ಯಾವ ಚಿಂತೆಯಿದೆಯೋ ಅದನ್ನು ಅಲ್ಲಿರುವವರಿಗೆ ನಾಚಿಕೆಪಡದೆ ಹೇಳಿ, ಅದರ ಬಗ್ಗೆ ತಿಳಿದವರು ಬರೆದದ್ದೊಂದು ಕೇಳಿ, ಅಂಥದ್ದನ್ನೇ ಬಾಳಿದವರ ಕಥೆಯೊಂದು ಕೇಳಿ. ಓದಲು ಬಾರದವರು ಮನೆಯಲ್ಲಿದ್ದರೆ ಅವರ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ.

ಇವತ್ತು ಮನೆಗೆ ಹೋದಾಗ ನಿಮ್ಮ ಮನೆಯ ಹಿರಿಯರು ಹೆಸರು ಮರೆತು ತಡವರಿಸಿದರೆ, "ನಾನ್ಯಾರು ಹೇಳು" ಎನ್ನಬೇಡಿ. ನಿಮ್ಮ ಹೆಸರನ್ನು ನೀವೇ ಹೇಳಿ, ಪಕ್ಕದಲ್ಲಿ ಕೂತುಕೊಳ್ಳಿ.